ಮಗು ರಸ್ತೆಗೆ ಓಡಿದಾಗ ಹೊಣೆ ಯಾರದು? – ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಗಣೇಶೋತ್ಸವದಿಂದ ಹಾಸನಾಂಬ ದರ್ಶನದವರೆಗೆ, ಅಲ್ಲಿಂದ ಮುಂದೆ ಊರೂರಿನ ಜಾತ್ರೆ, ತೇರು, ಶಾಲಾ ವಾರ್ಷಿಕೋತ್ಸವಗಳವರೆಗೆ ನಮ್ಮ ಎರಡೂ ಜಿಲ್ಲೆಗಳ ರಸ್ತೆಗಳು ಜನರಿಂದ ತುಂಬಿರುತ್ತವೆ. ಈ ಬಾರಿ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಸಮಾರಂಭಗಳ ಸುತ್ತಲಿನ ವಾಹನ ಸಂಚಾರವನ್ನೂ ಅದರ ನಡುವೆ ಸಿಲುಕುವ ಮಕ್ಕಳನ್ನೂ ಕುರಿತವಾದ್ದರಿಂದ, ಬೇರೆ ವಿಷಯಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಉಳಿಸಿಕೊಂಡು, ಈ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಮ್ಮ ಪಟ್ಟಣದ ಒಂದು ದೊಡ್ಡ ಮೈದಾನದ ಎದುರಿಗೇ ನಮ್ಮ ಮನೆಯಿದೆ. ಅಲ್ಲಿ ವಸ್ತುಪ್ರದರ್ಶನ, ಕ್ರೀಡಾಕೂಟ, ಸಭೆ ಎಂದು ಏನಾದರೊಂದು ನಡೆಯುತ್ತಲೇ ಇರುತ್ತದೆ. ಇತ್ತೀಚೆಗೆ ಒಂದು ಪ್ರದರ್ಶನ ಮುಗಿಯುವ ಹೊತ್ತಿಗೆ ರಸ್ತೆಯ ಎರಡೂ ಬದಿಯಲ್ಲಿ, ಫುಟ್‌ಪಾತಿನ ಮೇಲೂ ಕಾರುಗಳು ನಿಂತಿದ್ದವು. ಏಳು ವರ್ಷದ ನನ್ನ ಮಗಳು ಕೈ ಬಿಡಿಸಿಕೊಂಡು, ನಿಂತಿದ್ದ ಎರಡು ಕಾರುಗಳ ನಡುವಿನಿಂದ ಆಚೆ ಬದಿಯ ಬಲೂನಿನವನ ಕಡೆಗೆ ಓಡಿಬಿಟ್ಟಳು. ಬರುತ್ತಿದ್ದ ವ್ಯಾನಿನವರು ಸಮಯಕ್ಕೆ ಸರಿಯಾಗಿ ಬ್ರೇಕ್ ಹಾಕಿದ್ದರಿಂದ ಉಳಿದಳು. ಆಯೋಜಕರನ್ನು ಕೇಳಿದರೆ ರಸ್ತೆ ಪೊಲೀಸರದು ಎಂದರು. ಪೊಲೀಸರು ಆಯೋಜಕರನ್ನು ಕೇಳಿ ಎಂದರು. ಮೈದಾನ ಬಾಡಿಗೆಗೆ ಕೊಡುವ ಕಚೇರಿಯವರು ಮೈದಾನದ ಗೇಟಿನವರೆಗೆ ಮಾತ್ರ ನಮ್ಮದು ಎಂದರು. ಸುತ್ತ ನಿಂತವರು ಮಾತ್ರ ತಪ್ಪೆಲ್ಲ ನನ್ನದೇ ಎಂಬಂತೆ ನೋಡಿದರು. ನಿಜಕ್ಕೂ ಹೊಣೆ ಯಾರದು? ನಾನು ಏನಾದರೂ ಮಾಡಬಹುದೇ?
– ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ತಮ್ಮ ಮಗಳಿಗೆ ಏನೂ ಆಗಲಿಲ್ಲವೆಂಬುದು ಸಮಾಧಾನದ ಸಂಗತಿ. ತಾವು ಹೋದ ಮೂರು ಕಡೆಯೂ ದೊರೆತ ಉತ್ತರಗಳಲ್ಲಿ ಒಂದಿಷ್ಟು ನಿಜವಿದೆ, ಮತ್ತು ಆ ನಿಜವನ್ನೇ ಮುಂದಿಟ್ಟುಕೊಂಡು ಪ್ರತಿಯೊಬ್ಬರೂ ತಮ್ಮ ಪಾಲಿನಿಂದ ಜಾರಿಕೊಂಡಿದ್ದಾರೆ. ಸಮಾರಂಭದ ದಿನ ಯಾರು ಏನು ಮಾಡಬೇಕೆಂಬುದನ್ನು ಅನುಮತಿ ಪತ್ರದಲ್ಲಿಯೇ ಬರೆದಿಡದಿದ್ದರೆ, ಘಟನೆಯ ನಂತರ ಹೊಣೆಗಾರರನ್ನು ಹುಡುಕುವವರಿಗೆ ಸಿಗುವುದು ಇಂಥ ಉತ್ತರವೇ.

ಮೊದಲು ತಮ್ಮ ಮಗಳ ವಿಷಯ. ಆರೇಳು ವರ್ಷದ ಮಗುವಿನ ಎತ್ತರ ಸುಮಾರು ನೂರಹದಿನೈದರಿಂದ ನೂರಿಪ್ಪತ್ತು ಸೆಂಟಿಮೀಟರ್. ಸಾಧಾರಣ ಕಾರಿನ ಎತ್ತರವೇ ನೂರೈವತ್ತರ ಆಸುಪಾಸಿನಲ್ಲಿರುವುದರಿಂದ, ನಿಂತ ಕಾರುಗಳ ಮರೆಯಲ್ಲಿರುವ ಮಗು ಬರುತ್ತಿರುವ ವಾಹನವನ್ನು ಕಾಣುವುದಿಲ್ಲ, ಚಾಲಕನಿಗೂ ಮಗು ಕಾಣುವುದಿಲ್ಲ. ಕಂಡರೂ ಆ ವಾಹನ ಎಷ್ಟು ವೇಗದಲ್ಲಿದೆ, ತನ್ನ ಬಳಿ ಬರಲು ಎಷ್ಟು ಹೊತ್ತು ಬೇಕು ಎಂದು ಅಳೆಯುವ ಶಕ್ತಿ ಒಂಬತ್ತು ಹತ್ತು ವರ್ಷಕ್ಕೆ ಮುಂಚೆ ಮಕ್ಕಳಲ್ಲಿ ಸರಿಯಾಗಿ ಬೆಳೆದಿರುವುದಿಲ್ಲ. ಎದುರಿಗೆ ಬಲೂನು ಕಂಡರೆ ಗಮನವೆಲ್ಲ ಬಲೂನಿನ ಮೇಲೆಯೇ. ಇದು ಮಗುವಿನ ತುಂಟತನವಲ್ಲ, ವಯಸ್ಸಿನ ಗುಣ. ರಸ್ತೆ ಅಪಘಾತದ ಪರಿಹಾರದ ಪ್ರಕರಣಗಳಲ್ಲಿ ನಮ್ಮ ನ್ಯಾಯಾಲಯಗಳು ಎಳೆಯ ಮಗುವಿನ ಮೇಲೆ ಅಪಘಾತದಲ್ಲಿ ಅದರದೂ ಪಾಲಿದೆ ಎಂಬ ಆರೋಪವನ್ನು ಸಾಮಾನ್ಯವಾಗಿ ಒಪ್ಪದಿರುವುದು ಈ ಕಾರಣಕ್ಕೇ. ಆದ್ದರಿಂದ ಮಕ್ಕಳು ಬರುವ ಯಾವುದೇ ಸಮಾರಂಭದ ವ್ಯವಸ್ಥೆಯನ್ನು, ಯಾವುದಾದರೊಂದು ಮಗು ರಸ್ತೆಗೆ ಓಡಿಯೇ ಓಡುತ್ತದೆ ಎಂದು ಭಾವಿಸಿಯೇ ರೂಪಿಸಬೇಕು. ಧ್ವನಿವರ್ಧಕದಲ್ಲಿ 'ಪೋಷಕರು ತಮ್ಮ ಮಕ್ಕಳನ್ನು ಜೋಪಾನವಾಗಿ ಹಿಡಿದುಕೊಳ್ಳತಕ್ಕದ್ದು' ಎಂದು ಕೂಗಿಸುವುದೊಂದನ್ನೇ ಸುರಕ್ಷತಾ ವ್ಯವಸ್ಥೆಯೆಂದು ತಿಳಿದ ಆಯೋಜಕರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಇನ್ನು ವ್ಯಾನಿನ ಲೆಕ್ಕ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ವಾಹನ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಅಪಾಯ ಕಂಡು ಚಾಲಕನ ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಬೇಕೆಂದು ಇಟ್ಟುಕೊಂಡರೆ, ಒಣಗಿದ ಒಳ್ಳೆಯ ಡಾಂಬರು ರಸ್ತೆಯಲ್ಲಿಯೂ ಪೂರ್ತಿ ನಿಲ್ಲಲು ಅದಕ್ಕೆ 28 ಮೀಟರ್ ಹತ್ತಿರ ಬೇಕಾಗುತ್ತದೆ. 30 ಕಿಲೋಮೀಟರ್ ವೇಗದಲ್ಲಿದ್ದರೆ 13 ಮೀಟರ್ ಸಾಕು. ಎಂದರೆ, ಮಗು 15 ಮೀಟರ್ ದೂರದಲ್ಲಿ ಕಾಣಿಸಿಕೊಂಡಾಗ 30ರ ವೇಗದ ವಾಹನ ಮುಟ್ಟದೆ ನಿಲ್ಲುತ್ತದೆ. 50ರ ವೇಗದ ವಾಹನದ ಚಾಲಕನು ಬ್ರೇಕ್ ತುಳಿಯುವಷ್ಟರಲ್ಲಿ ವಾಹನ ಹೆಚ್ಚುಕಡಿಮೆ ಅದೇ ವೇಗದಲ್ಲಿ ಮಗುವನ್ನು ಮುಟ್ಟಿರುತ್ತದೆ. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ್ದ ಜಾಗತಿಕ ರಸ್ತೆ ಸುರಕ್ಷತಾ ಸಮ್ಮೇಳನ, ಪಾದಚಾರಿಗಳೂ ವಾಹನಗಳೂ ಬೆರೆಯುವ ಕಡೆ ಗರಿಷ್ಠ ವೇಗ 30 ಕಿಲೋಮೀಟರ್ ಇರಬೇಕೆಂದು ಹೇಳಿದ್ದರ ಹಿಂದೆ ಇರುವುದು ಇಂಥದೇ ಗಣಿತ. ಐದರಿಂದ ಇಪ್ಪತ್ತೊಂಬತ್ತು ವರ್ಷದವರೆಗಿನವರ ಸಾವಿಗೆ ಜಗತ್ತಿನಲ್ಲಿ ಮೊದಲ ಕಾರಣ ರಸ್ತೆ ಅಪಘಾತವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ವರದಿಯಲ್ಲಿ ದಾಖಲಿಸಿದೆ. ತಮ್ಮ ಮನೆಯ ಮುಂದಿನ ಆ ವ್ಯಾನಿನವರು ನಿಧಾನವಾಗಿ ಬರುತ್ತಿದ್ದರೆಂಬುದರಲ್ಲಿ ನನಗೆ ಸಂಶಯವಿಲ್ಲ. ಅವರಿಗೊಂದು ಕೃತಜ್ಞತೆ ಸಲ್ಲಬೇಕು.

ಹಾಗಾದರೆ ಹೊಣೆ ಯಾರದು? ವೇಗವಾಗಿ, ಅಜಾಗರೂಕತೆಯಿಂದ ಓಡಿಸುವ ಚಾಲಕನ ಹೊಣೆ ಎಲ್ಲರಿಗೂ ಗೊತ್ತಿರುವಂಥದ್ದು. ಅದಕ್ಕೆ ಮೋಟಾರು ವಾಹನ ಕಾಯ್ದೆಯ 184ನೆಯ ಕಲಮೂ ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮೂ ಇವೆ. ಆದರೆ ತಮ್ಮ ಪ್ರಕರಣದಲ್ಲಿ ಅಪಾಯವನ್ನು ಉಂಟುಮಾಡಿದವರು ಓಡಿಸುತ್ತಿದ್ದವರಲ್ಲ, ಕಾರು ನಿಲ್ಲಿಸಿ ಒಳಗೆ ಹೋದವರು. ಮತ್ತೊಬ್ಬರಿಗೆ ಅಪಾಯವೋ ಅಡಚಣೆಯೋ ಆಗುವಂತೆ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಬಿಟ್ಟುಹೋಗುವುದನ್ನು ಕಾಯ್ದೆಯ 122ನೆಯ ಕಲಮು ನಿಷೇಧಿಸುತ್ತದೆ. ನಿಲುಗಡೆ ನಿಷೇಧವಿರುವ ಕಡೆ ಬಿಟ್ಟ ವಾಹನವನ್ನು ಎಳೆದೊಯ್ಯಲು 127ನೆಯ ಕಲಮು ಪೊಲೀಸರಿಗೆ ಅಧಿಕಾರ ಕೊಡುತ್ತದೆ. ಕಾರ್ಯಕ್ರಮದ ದಿನ 'ಪಾಪ, ದೂರದಿಂದ ಬಂದವರು' ಎಂದು ಈ ಅಧಿಕಾರವನ್ನು ಬಳಸದೆ ಬಿಡುವುದು ನಮ್ಮ ಊರುಗಳಲ್ಲಿ ವಾಡಿಕೆಯಾಗಿದೆ. ಆ ಔದಾರ್ಯದ ಬೆಲೆಯನ್ನು ಕೊಡಬೇಕಾಗಿ ಬರುವುದು ಫುಟ್‌ಪಾತು ಬಿಟ್ಟು ರಸ್ತೆಗಿಳಿಯುವ ಪಾದಚಾರಿ.

ಆಯೋಜಕರಿಗೆ ರಸ್ತೆಯಲ್ಲಿ ವಾಹನ ತಡೆಯುವ ಅಧಿಕಾರವಿಲ್ಲವೆಂಬುದು ನಿಜ. ಆದರೆ ಜನರನ್ನು ಕರೆದವರು ಅವರು, ಎಷ್ಟು ಜನ ಬರಬಹುದೆಂದು ತಿಳಿದವರು ಅವರು, ಮಳಿಗೆಗಳಿಂದಲೋ ಟಿಕೆಟಿನಿಂದಲೋ ಹಣ ಪಡೆಯುವವರೂ ಅವರೇ. ವಾಹನ ನಿಲ್ಲಿಸಲು ಬೇರೆ ಜಾಗ ಗೊತ್ತು ಮಾಡುವುದು, ಅಲ್ಲಿಂದ ಗೇಟಿನವರೆಗೆ ನಡೆದು ಬರುವ ದಾರಿಗೆ ದೀಪ ಹಾಕಿಸುವುದು, ಒಳಗೆ ಬರುವ ಮತ್ತು ಹೊರಗೆ ಹೋಗುವ ಗೇಟುಗಳನ್ನು ಬೇರೆ ಮಾಡುವುದು, ಗೇಟಿನ ಬಳಿ ಬ್ಯಾರಿಕೇಡ್ ಇಟ್ಟು ಜನರು ನೇರವಾಗಿ ರಸ್ತೆಗೆ ನುಗ್ಗದಂತೆ ತಿರುವು ಕೊಡುವುದು, ಇವಕ್ಕೆ ಯಾರ ಅಪ್ಪಣೆಯೂ ಬೇಡ. ಮಳಿಗೆಗಳ ಜಾಗವೂ ಅವರ ಕೈಯಲ್ಲೇ ಇದೆ, ಮತ್ತು ಈ ಮಾತನ್ನು ನಾನು ಒತ್ತಿ ಹೇಳಬಯಸುತ್ತೇನೆ. ಬಲೂನು, ಆಟಿಕೆ, ಐಸ್‌ಕ್ರೀಮ್, ಬೆಂಡು ಬತ್ತಾಸಿನ ಅಂಗಡಿಗಳು ಎಲ್ಲಿ ನಿಲ್ಲುತ್ತವೆಯೋ ಮಕ್ಕಳು ರಸ್ತೆ ದಾಟುವುದು ಅಲ್ಲಿಯೇ. ಮಕ್ಕಳಿಗೆ ಬೇಕಾದ ವಸ್ತುಗಳ ಗಾಡಿಗಳಿಗೆಲ್ಲ ಮೈದಾನದ ಒಳಗೇ ಒಂದು ಮೂಲೆ ಕೊಟ್ಟು, ಬಾಡಿಗೆ ಕೇಳದೆ ಕೂರಿಸಿದರೆ, ಆಚೆ ಬದಿಯಲ್ಲಿ ಮಕ್ಕಳನ್ನು ಸೆಳೆಯುವುದೇನೂ ಉಳಿಯುವುದಿಲ್ಲ. ಬ್ಯಾರಿಕೇಡಿಗಿಂತ ಕಡಿಮೆ ಖರ್ಚಿನ ಈ ಉಪಾಯವನ್ನು ಅನುಮತಿ ಪತ್ರಗಳಲ್ಲಿ ಷರತ್ತಾಗಿ ಸೇರಿಸಿದ್ದನ್ನು ನಾನು ಕಂಡಿಲ್ಲ.

ಪೊಲೀಸರ ಹಾಗೂ ಜಿಲ್ಲಾಡಳಿತದ ಪಾಲು ಇದಕ್ಕಿಂತ ದೊಡ್ಡದು. ಸಾರ್ವಜನಿಕ ಸುರಕ್ಷತೆಗಾಗಿ ಯಾವುದೇ ರಸ್ತೆಯಲ್ಲಿ ವಾಹನಗಳನ್ನು ನಿಷೇಧಿಸುವ ಅಥವಾ ನಿರ್ಬಂಧಿಸುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ 115ನೆಯ ಕಲಮು ಕೊಡುತ್ತದೆ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಭಾರಿ ವಾಹನಗಳನ್ನು ತಡೆಯುವ ಆದೇಶಗಳನ್ನು ನಮ್ಮ ಓದುಗರು ಪತ್ರಿಕೆಗಳಲ್ಲಿ ಕಂಡಿರುತ್ತಾರೆ; ಅವುಗಳಿಗೂ ಆಧಾರ ಇದೇ ಕಲಮು. ನಿರ್ಬಂಧ ಒಂದು ತಿಂಗಳಿಗೆ ಮೀರದಿದ್ದರೆ ರಾಜ್ಯಪತ್ರದಲ್ಲಿ ಪ್ರಕಟಿಸಬೇಕಾಗಿಯೂ ಇಲ್ಲ, ಸ್ಥಳೀಯವಾಗಿ ಪ್ರಚಾರ ಕೊಟ್ಟರೆ ಸಾಕು. ಹಾಸನಾಂಬ ದರ್ಶನದ ದಿನಗಳಲ್ಲಿ ಮಾರ್ಗ ಬದಲಾವಣೆಯನ್ನೂ ವಾಹನ ನಿಲುಗಡೆಯ ಸ್ಥಳಗಳನ್ನೂ ಮುಂಚಿತವಾಗಿ ಪ್ರಕಟಿಸುತ್ತಾರಲ್ಲವೇ? ಲಕ್ಷಾಂತರ ಜನ ಸೇರುವ ಕಡೆ ಮಾಡಲು ಬರುವುದನ್ನು ಐದು ಸಾವಿರ ಜನ ಸೇರುವ ಕಡೆ ಮಾಡಲು ಬರುವುದಿಲ್ಲವೆಂದರೆ ನಂಬುವುದು ಕಷ್ಟ. ವಾರವಾರವೂ ನಡೆಯುವ ಸಣ್ಣ ಕಾರ್ಯಕ್ರಮಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೇ. ಅಲ್ಲದೆ, ರಸ್ತೆಗೆ ಜೀಬ್ರಾ ಪಟ್ಟೆ ಬಳಿಯುವುದು, ಫುಟ್‌ಪಾತನ್ನು ಖಾಲಿಯಾಗಿ ಇಡುವುದು, ಬೀದಿದೀಪ ಉರಿಯುವಂತೆ ನೋಡಿಕೊಳ್ಳುವುದು ಸ್ಥಳೀಯ ಸಂಸ್ಥೆಯ ಕೆಲಸ. ಗೇಟಿನವರೆಗೆ ಮಾತ್ರ ನಮ್ಮದು ಎಂದು ಮೈದಾನದ ಕಚೇರಿಯವರು ಹೇಳಬಹುದು. ಆದರೆ ಬಾಡಿಗೆಯ ಕರಾರಿನಲ್ಲಿ ವಾಹನ ನಿಲುಗಡೆಯ ಷರತ್ತು ಸೇರಿಸಲು, ಅದನ್ನು ಮುರಿದರೆ ಠೇವಣಿ ಮುಟ್ಟುಗೋಲು ಹಾಕಿಕೊಳ್ಳಲು ಅವರನ್ನು ತಡೆಯುವವರು ಯಾರೂ ಇಲ್ಲ.

ತಾವು ಮಾಡಬಹುದಾದದ್ದು ಇದು. ನಡೆದ ಘಟನೆಯನ್ನು ದಿನಾಂಕ, ಸಮಯ, ಛಾಯಾಚಿತ್ರಗಳೊಡನೆ ಬರೆದು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಕೊಡಿ. ಅದರ ಅಧ್ಯಕ್ಷರು ಜಿಲ್ಲಾಧಿಕಾರಿಗಳು. ಪೊಲೀಸ್, ಸಾರಿಗೆ, ಲೋಕೋಪಯೋಗಿ ಇಲಾಖೆಗಳವರು ಒಂದೇ ಮೇಜಿನ ಸುತ್ತ ಕೂರುವ ಸಭೆಯಾದ್ದರಿಂದ ಒಬ್ಬರು ಮತ್ತೊಬ್ಬರ ಕಡೆ ಬೆರಳು ತೋರಿಸಿ ತಪ್ಪಿಸಿಕೊಳ್ಳುವುದು ಅಲ್ಲಿ ಸುಲಭವಲ್ಲ. ಗಾಯವಾಗಲಿಲ್ಲವಲ್ಲ, ದೂರು ಯಾಕೆ ಎಂದು ಯಾರಾದರೂ ಕೇಳಿದರೆ ಹಿಂಜರಿಯಬೇಡಿ. ಗಾಯವಾಗುವ ಮೊದಲು ಬಂದ ದೂರೇ ಸಮಿತಿಗೆ ಹೆಚ್ಚು ಉಪಯೋಗದ್ದು. ಜೊತೆಗೆ, ಆ ದಿನದ ಕಾರ್ಯಕ್ರಮಕ್ಕೆ ಕೊಟ್ಟ ಅನುಮತಿ ಪತ್ರ ಮತ್ತು ಅದರ ಷರತ್ತುಗಳ ಪ್ರತಿಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ. 30 ದಿನಗಳೊಳಗೆ ಉತ್ತರ ಕೊಡಬೇಕು. ಷರತ್ತುಗಳಿದ್ದು ಪಾಲಿಸಿಲ್ಲವೆಂದರೆ ಆಯೋಜಕರು ಸಿಕ್ಕಿಬೀಳುತ್ತಾರೆ, ಷರತ್ತೇ ಇಲ್ಲವೆಂದರೆ ಅನುಮತಿ ಕೊಟ್ಟವರು ಉತ್ತರ ಹೇಳಬೇಕಾಗುತ್ತದೆ. ತೊಂದರೆ ಪದೇ ಪದೇ ಮರುಕಳಿಸುತ್ತಿದ್ದರೆ, ಸಾರ್ವಜನಿಕ ದಾರಿಯ ಅಡಚಣೆಯನ್ನು ತೆರವು ಮಾಡಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಡಿ ಉಪವಿಭಾಗೀಯ ದಂಡಾಧಿಕಾರಿಗಳಿಗೆ ಅರ್ಜಿ ಕೊಡುವ ದಾರಿಯೂ ಇದೆ. ತಾವೊಬ್ಬರೇ ಕೊಡುವುದಕ್ಕಿಂತ ರಸ್ತೆಯ ಹತ್ತು ಮನೆಯವರು ಸೇರಿ ಸಹಿ ಹಾಕಿದರೆ ತೂಕ ಹೆಚ್ಚು.

ತಾಯಿಯಾಗಿ ಮಾಡಬೇಕಾದದ್ದು ಏನೂ ಇಲ್ಲವೆಂದು ಹೇಳಿದರೆ ಅದೂ ತಪ್ಪಾಗುತ್ತದೆ. ಜನಜಂಗುಳಿಯಲ್ಲಿ ಮಗುವಿನ ಬೆರಳುಗಳನ್ನು ಹಿಡಿಯದೆ ಮಣಿಕಟ್ಟನ್ನು ಹಿಡಿಯಿರಿ, ಬಿಡಿಸಿಕೊಳ್ಳಲು ಆಗುವುದಿಲ್ಲ. ವಾಹನಗಳು ಹಿಮ್ಮುಖವಾಗಿ ಹೊರಬರುವ ಬದಿಯಲ್ಲಿ ಮಗುವನ್ನು ನಡೆಸಬೇಡಿ. ಕಾರ್ಯಕ್ರಮ ಮುಗಿಯುವ ಕ್ಷಣದಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ದಣಿದ ಮಕ್ಕಳು ಹಟ ಮಾಡುತ್ತಿರುತ್ತಾರೆ, ಚಾಲಕರಿಗೆ ಮನೆ ಸೇರುವ ಆತುರ. ಕಾಲು ಗಂಟೆ ಮೊದಲೋ ನಂತರವೋ ಹೊರಡುವುದು ಲೇಸು.

ಪ್ರಶ್ನೆ: ನಮ್ಮದು ಹೆದ್ದಾರಿಯ ಪಕ್ಕದ ಊರು. ಗಣೇಶ ವಿಸರ್ಜನೆಯ ಮೆರವಣಿಗೆ ಅರ್ಧ ಕಿಲೋಮೀಟರಿನಷ್ಟು ದೂರ ಹೆದ್ದಾರಿಯ ಮೇಲೆಯೇ ಸಾಗಬೇಕು, ಬೇರೆ ದಾರಿಯಿಲ್ಲ. ನಮ್ಮ ಹುಡುಗರೇ ಸೀಟಿ ಊದಿ ವಾಹನಗಳನ್ನು ನಿಲ್ಲಿಸುತ್ತಾರೆ. ಮುಂದೆ ಚಿಕ್ಕ ಮಕ್ಕಳು ಕುಣಿಯುತ್ತಿರುತ್ತಾರೆ. ಸಮಿತಿಯವರಾಗಿ ನಾವು ಎಚ್ಚರ ವಹಿಸಬೇಕಾದದ್ದು ಏನು?
– ಗಣೇಶೋತ್ಸವ ಸಮಿತಿಯ ಸದಸ್ಯರು, ಅರಸೀಕೆರೆ ತಾಲ್ಲೂಕು

ಉತ್ತರ: 2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ ತಾಲ್ಲೂಕಿನ ಮೊಸಳೆಹೊಸಹಳ್ಳಿಯಲ್ಲಿ ವಿಸರ್ಜನೆಯ ಮೆರವಣಿಗೆಯ ಮೇಲೆ ಲಾರಿ ನುಗ್ಗಿ ಹಲವರು ಪ್ರಾಣ ಕಳೆದುಕೊಂಡರು, ಅವರಲ್ಲಿ ಓದುತ್ತಿದ್ದ ಹುಡುಗರೂ ಇದ್ದರು. ನಮ್ಮ ಜಿಲ್ಲೆಯ ಯಾವ ಸಮಿತಿಯೂ ಇದನ್ನು ಮರೆತು ಮೆರವಣಿಗೆಯ ದಾರಿಯನ್ನು ಗೊತ್ತುಮಾಡುವಂತಿಲ್ಲ.

ತಮ್ಮ ಹುಡುಗರ ಸೀಟಿಗೆ ಕಾನೂನಿನ ಬಲವಿಲ್ಲ. ಚಾಲಕರು ಪಾಲಿಸಬೇಕಾದದ್ದು ಸಂಚಾರ ನಿಯಂತ್ರಣದಲ್ಲಿ ತೊಡಗಿರುವ ಪೊಲೀಸ್ ಅಧಿಕಾರಿಯ ಸೂಚನೆಯನ್ನು ಎಂದು ಮೋಟಾರು ವಾಹನ ಕಾಯ್ದೆಯ 119ನೆಯ ಕಲಮು ಹೇಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಕತ್ತಲಲ್ಲಿ ಹೆದ್ದಾರಿಯ ನಡುವೆ ನಿಂತು ಕೈ ಬೀಸುವ ಹುಡುಗ ದೂರದ ಚಾಲಕನಿಗೆ ಕಾಣುವುದೇ ಇಲ್ಲ. 80 ಕಿಲೋಮೀಟರ್ ವೇಗದಲ್ಲಿ ಬರುವ, ಸರಕು ತುಂಬಿದ ಲಾರಿ ನಿಲ್ಲಲು, ಚಾಲಕ ಪೂರ್ಣ ಎಚ್ಚರದಿಂದಿದ್ದರೂ, ಎಂಬತ್ತರಿಂದ ನೂರು ಮೀಟರ್ ಬೇಕು. ಮೆರವಣಿಗೆಯ ಬಾಲಕ್ಕೆ ಅಂಟಿಕೊಂಡು ನಿಂತ ಸ್ವಯಂಸೇವಕನು ಎಚ್ಚರಿಕೆ ಕೊಡುವ ಹೊತ್ತಿಗೆ ಆ ದೂರ ಮುಗಿದುಹೋಗಿರುತ್ತದೆ. ಆದ್ದರಿಂದ ಎಚ್ಚರಿಕೆ ಹಿಂದೆಯೂ ಮುಂದೆಯೂ ಇನ್ನೂರು ಮೀಟರ್ ದೂರದಲ್ಲಿ ಆರಂಭವಾಗಬೇಕು: ಅಲ್ಲಿ ಪೊಲೀಸರ ಬ್ಯಾರಿಕೇಡ್, ಮಿನುಗುವ ದೀಪ, ಬೆಳಕಿಗೆ ಹೊಳೆಯುವ ಜಾಕೆಟ್ ತೊಟ್ಟ ಸಿಬ್ಬಂದಿ ಇರಬೇಕು. ಹೆದ್ದಾರಿಯಲ್ಲಿ ತಿರುವು ಅಥವಾ ಏರು ಇದ್ದರೆ ಇನ್ನೂ ದೂರಕ್ಕೆ ಒಯ್ಯಬೇಕು. ಠಾಣೆಗೆ ಅರ್ಜಿ ಕೊಡುವಾಗಲೇ ಹೆದ್ದಾರಿಯ ಆ ಅರ್ಧ ಕಿಲೋಮೀಟರನ್ನು ನಕ್ಷೆಯಲ್ಲಿ ಗುರುತಿಸಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂದು ಬರೆದು, ಆ ಅವಧಿಗೆ ಒಂದು ಬದಿಯ ಸಂಚಾರ ತಡೆಯಲು ಲಿಖಿತವಾಗಿ ಕೇಳಿಕೊಳ್ಳಿ. ಸಿಬ್ಬಂದಿ ಕಡಿಮೆಯೆಂದು ಠಾಣೆಯವರು ಹೇಳಿದರೆ ಗೃಹರಕ್ಷಕ ದಳದವರನ್ನು ಕೊಡುವಂತೆ ಕೇಳಬಹುದು. ಹೆದ್ದಾರಿಯ ಜಾಗದಲ್ಲಿ ಪೆಂಡಾಲ್ ಹಾಕುವ ಯೋಚನೆಯಿದ್ದರೆ ಮಾತ್ರ ಅದನ್ನು ಬಿಡಿ. ಸ್ಥಳೀಯರ ಅನುಮತಿಯಿಂದ ಅದು ಸಕ್ರಮವಾಗುವುದಿಲ್ಲ, ಹೆದ್ದಾರಿ ಜಮೀನಿನ ನಿಯಂತ್ರಣಕ್ಕೆ 2002ರ ಕಾಯ್ದೆಯೇ ಪ್ರತ್ಯೇಕವಾಗಿದೆ.

ಬೇರೆ ದಾರಿಯಿಲ್ಲವೆಂಬ ಮಾತನ್ನು ಮಾತ್ರ ಇನ್ನೊಮ್ಮೆ ಪರಿಶೀಲಿಸಿ. ಬಹುಪಾಲು ಊರುಗಳಲ್ಲಿ ಕೆರೆಗೆ ಹೋಗಲು ಹೊಲದ ಬದಿಯ ಬಂಡಿಜಾಡು ಇರುತ್ತದೆ; ಡಿಜೆ ಹೊತ್ತ ವಾಹನ ಅದರಲ್ಲಿ ಹೋಗಲಾರದೆಂಬ ಒಂದೇ ಕಾರಣಕ್ಕೆ ಮೆರವಣಿಗೆ ಹೆದ್ದಾರಿಗೆ ಬರುತ್ತದೆ. ಹಾಗಿದ್ದರೆ ಡಿಜೆಯನ್ನು ಊರೊಳಗೇ ನಿಲ್ಲಿಸಿ, ಹೆದ್ದಾರಿಯ ಭಾಗವನ್ನು ಕುಣಿತವಿಲ್ಲದೆ ಹತ್ತು ನಿಮಿಷದಲ್ಲಿ ದಾಟಿಸಿಬಿಡಬಹುದು. ಹನ್ನೆರಡು ವರ್ಷದೊಳಗಿನ ಮಕ್ಕಳು ಸಂಜೆ ಬೆಳಕಿರುವಾಗ ಊರಿನ ಬೀದಿಗಳಲ್ಲಿ ಪಾಲ್ಗೊಂಡು, ಹೆದ್ದಾರಿಗೆ ಮೊದಲೇ ಮನೆಗೆ ಹಿಂತಿರುಗಬೇಕೆಂದು ಸಮಿತಿಯೇ ತೀರ್ಮಾನಿಸಿ ಪೋಷಕರಿಗೆ ತಿಳಿಸಲಿ. ಮಕ್ಕಳನ್ನು ಟ್ರ್ಯಾಕ್ಟರಿನ ಟ್ರೈಲರ್‌ನಲ್ಲಿ ವಿಗ್ರಹದ ಸುತ್ತ ಕೂರಿಸುವುದನ್ನೂ ನಿಲ್ಲಿಸಿ. ಆ ಟ್ರೈಲರ್ ಜನರನ್ನು ಸಾಗಿಸಲು ಮಾಡಿದ್ದಲ್ಲ, ಅದರ ಹಿಂದೆ ಎಷ್ಟೋ ಸಲ ಕೆಂಪು ದೀಪವೂ ಇರುವುದಿಲ್ಲ.

ಪ್ರಶ್ನೆ: ರಾಷ್ಟ್ರೀಯ ಹಬ್ಬಗಳಂದು ನಮ್ಮ ಶಾಲೆಯ ಮಕ್ಕಳನ್ನು ತಾಲ್ಲೂಕು ಕ್ರೀಡಾಂಗಣಕ್ಕೆ ನಡೆಸಿಕೊಂಡು ಹೋಗುತ್ತೇವೆ. ವಾರಾಂತ್ಯ ಸೇರಿದರೆ ಪ್ರವಾಸಿಗಳ ವಾಹನಗಳೂ ಬಹಳ. ಇಬ್ಬರು ಶಿಕ್ಷಕರು ಅರವತ್ತು ಮಕ್ಕಳನ್ನು ಸಾಲಾಗಿ ಮುಖ್ಯ ರಸ್ತೆ ದಾಟಿಸುವಾಗ ಎದೆ ಹೊಡೆದುಕೊಳ್ಳುತ್ತದೆ.
– ಮುಖ್ಯ ಶಿಕ್ಷಕಿ, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಸಾಲಾಗಿ ದಾಟಿಸುವುದನ್ನೇ ಬಿಡಿ, ಮೇಡಂ. ಅರವತ್ತು ಮಕ್ಕಳು ಒಬ್ಬರ ಹಿಂದೊಬ್ಬರು ದಾಟಿದರೆ ಕೊನೆಯ ಮಗು ಆಚೆ ಸೇರಲು ಸುಮಾರು ಒಂದು ನಿಮಿಷ ಹಿಡಿಯುತ್ತದೆ, ಮತ್ತು ಆ ಒಂದು ನಿಮಿಷದಲ್ಲಿ ಸಾಲಿನಲ್ಲಿ ಎಲ್ಲಿಯಾದರೂ ಸಣ್ಣ ತೆರವು ಕಂಡರೆ ಬೈಕಿನವರು ನುಗ್ಗಿಯೇ ನುಗ್ಗುತ್ತಾರೆ. ಬದಲಿಗೆ ಮಕ್ಕಳನ್ನು ರಸ್ತೆಯ ಅಂಚಿಗೆ ಸಮಾನಾಂತರವಾಗಿ, ಪಕ್ಕ ಪಕ್ಕದಲ್ಲಿ ನಿಲ್ಲಿಸಿ. ಇಬ್ಬರೂ ಶಿಕ್ಷಕರು ಎರಡು ತುದಿಗಳಲ್ಲಿ ರಸ್ತೆಗಿಳಿದು ಎರಡೂ ಕಡೆಯ ವಾಹನಗಳು ಪೂರ್ತಿ ನಿಂತ ಮೇಲೆ, ಒಂದೇ ಸಂಜ್ಞೆಗೆ ಎಲ್ಲರೂ ಒಟ್ಟಿಗೆ ನಡೆಯಲಿ. ಏಳು ಮೀಟರ್ ಅಗಲದ ರಸ್ತೆಯನ್ನು ಹೀಗೆ ಏಳೆಂಟು ಸೆಕೆಂಡುಗಳಲ್ಲಿ ದಾಟಬಹುದು. ಅರವತ್ತು ಹೆಚ್ಚೆನಿಸಿದರೆ ಇಪ್ಪತ್ತರ ಮೂರು ತಂಡ ಮಾಡಿ. ಹಿಂದಿನ ದಿನ ಶಾಲೆಯ ಅಂಗಳದಲ್ಲಿ ಗೆರೆ ಎಳೆದು ಒಮ್ಮೆ ಅಭ್ಯಾಸ ಮಾಡಿಸಿ.

ಇಬ್ಬರು ಶಿಕ್ಷಕರು ಸಾಲದು. ಕಾರ್ಯಕ್ರಮಕ್ಕೆ ಮಕ್ಕಳನ್ನು ಕಳುಹಿಸಿ ಎಂದು ಆದೇಶ ಹೊರಡಿಸುವುದು ಸರ್ಕಾರಿ ಕಚೇರಿಯೇ ಆದ್ದರಿಂದ, ಪೂರ್ವಭಾವಿ ಸಭೆಯಲ್ಲಿ ತಹಶೀಲ್ದಾರರ ಮುಂದೆ, ಯಾವ ಶಾಲೆ ಯಾವ ದಾರಿಯಲ್ಲಿ ಎಷ್ಟು ಗಂಟೆಗೆ ಬರುತ್ತದೆ, ಯಾವ ವೃತ್ತದಲ್ಲಿ ಯಾವ ಪೇದೆ ಇರುತ್ತಾರೆ ಎಂಬುದನ್ನು ಕೇಳಿ, ನಡಾವಳಿಯಲ್ಲಿ ಬರೆಸಿ. ವೇದಿಕೆಯ ಅಲಂಕಾರ, ಗಣ್ಯರ ಆಸನಗಳ ಚರ್ಚೆಗೆ ಅರ್ಧ ತಾಸು ಕೊಡುವ ಸಭೆಗಳು ಮಕ್ಕಳು ಬರುವ ದಾರಿಗೆ ಐದು ನಿಮಿಷವನ್ನೂ ಕೊಡುವುದಿಲ್ಲವೆಂಬುದು ಆ ಸಭೆಗಳಲ್ಲಿ ಕೂತವರಿಗೆಲ್ಲ ಗೊತ್ತು. ಹಿಂತಿರುಗುವಾಗ ಗಣ್ಯರ ವಾಹನಗಳು ಹೊರಟು ಹೋದ ಮೇಲೆಯೇ ಮಕ್ಕಳನ್ನು ಬಿಡುವುದು ವಾಡಿಕೆ; ಅದರ ಹಿಂದೆಯೇ ಉಳಿದ ವಾಹನಗಳೂ ಮಕ್ಕಳೂ ಒಟ್ಟಿಗೆ ಹೊರಬರುತ್ತಾರೆ. ಮೊದಲು ಮಕ್ಕಳು, ನಂತರ ವಾಹನಗಳು ಎಂಬ ಕ್ರಮವನ್ನು ಒಂದು ಶಾಲೆಯವರು ಕೇಳಿದರೆ ಬೇಡಿಕೆ, ಎಲ್ಲ ಶಾಲೆಗಳವರು ಕೇಳಿದರೆ ಅದೇ ನಿಯಮವಾಗುತ್ತದೆ.

ಪ್ರಶ್ನೆ: ಮೂರು ವರ್ಷದ ಮೊಮ್ಮಗನನ್ನು ಮುಂದೆ ನಿಲ್ಲಿಸಿಕೊಂಡು, ಎಂಟು ವರ್ಷದ ಮೊಮ್ಮಗಳನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ತೇರಿಗೆ ಕರೆದೊಯ್ಯುತ್ತೇನೆ. ನಿಧಾನವಾಗಿಯೇ ಹೋಗುತ್ತೇನೆ. ಇದರಲ್ಲಿ ತಪ್ಪುಂಟೇ?
– ಒಬ್ಬ ಅಜ್ಜ, ಕಡೂರು

ಉತ್ತರ: ಉಂಟು, ಯಜಮಾನರೇ. ದ್ವಿಚಕ್ರ ವಾಹನದಲ್ಲಿ ಚಾಲಕರ ಜೊತೆ ಒಬ್ಬರಿಗೆ ಮಾತ್ರ ಅವಕಾಶ. ನಾಲ್ಕು ವರ್ಷ ಮೇಲ್ಪಟ್ಟ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ, ಆದ್ದರಿಂದ ಮೊಮ್ಮಗಳಿಗೂ ಅವಳ ತಲೆಯ ಅಳತೆಯದೇ ಬೇಕು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ 2022ರಲ್ಲಿ ಪ್ರಕಟವಾಗಿ 2023ರ ಫೆಬ್ರವರಿಯಿಂದ ಜಾರಿಗೆ ಬಂದಿರುವ ನಿಯಮದಂತೆ, ಮಗುವನ್ನು ಚಾಲಕರಿಗೆ ಸೇರಿಸಿ ಕಟ್ಟುವ ಸುರಕ್ಷತಾ ಪಟ್ಟಿ ಮತ್ತು ಹೆಲ್ಮೆಟ್ ಇರಬೇಕು, ವೇಗ 40 ಕಿಲೋಮೀಟರ್ ಮೀರಬಾರದು. ಮುಂದೆ ನಿಲ್ಲಿಸಿಕೊಂಡ ಮಗು, ತಾವೆಷ್ಟೇ ನಿಧಾನವಾಗಿ ಹೋದರೂ, ಬ್ರೇಕ್ ಹಾಕಿದ ಕ್ಷಣ ಹ್ಯಾಂಡಲಿಗೆ ಹೊಡೆದುಕೊಳ್ಳುತ್ತದೆ. ಕೆಲವೊಮ್ಮೆ ಅದರ ಪುಟ್ಟ ಕೈಯೇ ಎಕ್ಸಲರೇಟರ್ ತಿರುವಿಬಿಡುತ್ತದೆ. ಇಬ್ಬರನ್ನೂ ಒಟ್ಟಿಗೆ ಕರೆದೊಯ್ಯುವ ಆಸೆಯಿದ್ದರೆ ಬಸ್ಸೋ ಆಟೋವೋ ಆಗಬಹುದು.

ಪ್ರಶ್ನೆ: ಹದಿನಾರು ವರ್ಷದ ಮಗ ಜಾತ್ರೆಯ ದಿನ ನನ್ನ ಸ್ಕೂಟರ್ ತೆಗೆದುಕೊಂಡು ಹೋಗಿದ್ದ. ಪೊಲೀಸರು ಹಿಡಿದು ನನ್ನ ಮೇಲೆಯೇ ಪ್ರಕರಣ ಎನ್ನುತ್ತಿದ್ದಾರೆ. ಇದು ಸರಿಯೇ?
– ಒಬ್ಬ ತಂದೆ, ಬೇಲೂರು ತಾಲ್ಲೂಕು

ಉತ್ತರ: ಸರಿಯೇ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿಸಿದ 199ಎ ಕಲಮಿನ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರೇ ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರೆಂದು ಪರಿಗಣಿಸಲಾಗುತ್ತದೆ. ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು; ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಪರವಾನಗಿಯೂ ಸಿಗುವುದಿಲ್ಲ. ತಮಗೆ ತಿಳಿಯದಂತೆ ನಡೆಯಿತು, ಅಥವಾ ತಡೆಯಲು ಸಾಕಷ್ಟು ಎಚ್ಚರ ವಹಿಸಿದ್ದಿರಿ ಎಂದು ತೋರಿಸುವ ಭಾರ ತಮ್ಮದೇ. ಹದಿನಾರಕ್ಕೆ ಪರವಾನಗಿ ಸಿಗುತ್ತದಲ್ಲ ಎಂದು ಕೆಲವರು ವಾದಿಸುತ್ತಾರೆ. ಅದು 50 ಸಿಸಿ ಮೀರದ ಎಂಜಿನ್ನಿನ ವಾಹನಗಳಿಗೆ ಮಾತ್ರ, ಮನೆಮನೆಯಲ್ಲಿರುವ ನೂರರ ಮೇಲಿನ ಸಿಸಿಯ ಸ್ಕೂಟರುಗಳಿಗೆ ಅನ್ವಯಿಸುವುದಿಲ್ಲ. ಕೂಡಲೇ ವಕೀಲರೊಬ್ಬರನ್ನು ಕಾಣಿರಿ.

ಪ್ರಶ್ನೆ: ಜಾತ್ರೆಯಲ್ಲಿ ಯಾರದೋ ಮಗುವಿಗೆ ವಾಹನ ತಗುಲಿದರೆ ಆಸ್ಪತ್ರೆಗೆ ಸೇರಿಸಲು ಜನ ಹೆದರುತ್ತಾರೆ. ಸೇರಿಸಿದವರಿಗೆ ತೊಂದರೆಯಾಗುತ್ತದೆಯೇ? ಹಣ ಯಾರು ಕಟ್ಟಬೇಕು?
– ಆಟೋ ಚಾಲಕರು, ಸಕಲೇಶಪುರ

ಉತ್ತರ: ಮೋಟಾರು ವಾಹನ ಕಾಯ್ದೆಯ 134ಎ ಕಲಮು ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಅವರು ಹೆಸರು, ವಿಳಾಸ ಹೇಳಲೇಬೇಕೆಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಒತ್ತಾಯಿಸುವಂತಿಲ್ಲ. ಸೇರಿಸಿದ ತಪ್ಪಿಗೆ ಹಣ ಕಟ್ಟಿ ಎನ್ನುವಂತೆಯೂ ಇಲ್ಲ. 2025ರ ಮೇ ತಿಂಗಳಿಂದ ಜಾರಿಯಲ್ಲಿರುವ ಕೇಂದ್ರ ಸರ್ಕಾರದ ಯೋಜನೆಯಡಿ, ಮೋಟಾರು ವಾಹನದ ಅಪಘಾತದಲ್ಲಿ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಮೊದಲ ಏಳು ದಿನಗಳ ಅವಧಿಗೆ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದೆ. ತಲೆಗೋ ಬೆನ್ನಿಗೋ ಪೆಟ್ಟಾಗಿರುವಂತೆ ಕಂಡರೆ ಮಗುವನ್ನು ಎತ್ತಿ ಆಟೋದಲ್ಲಿ ಮಲಗಿಸುವ ಆತುರ ಬೇಡ. ವಾಹನಗಳನ್ನು ದೂರದಲ್ಲಿಯೇ ತಡೆದು, ಮಗುವನ್ನು ಅಲುಗಾಡಿಸದೆ, 108ಕ್ಕೋ 112ಕ್ಕೋ ಕರೆ ಮಾಡಿ. ತೇರಿನ ಬೀದಿಯಾದರೆ ಆಂಬುಲೆನ್ಸ್ ಯಾವ ಕಡೆಯಿಂದ ಒಳಗೆ ಬರಬಹುದೆಂಬುದನ್ನೂ, ಹೆದ್ದಾರಿಯಾದರೆ ಹತ್ತಿರದ ಕಿಲೋಮೀಟರ್ ಕಲ್ಲಿನ ಅಂಕಿಯನ್ನೂ ಯಾವ ಊರಿನ ಕಡೆಗೆ ಹೋಗುವ ಬದಿ ಎಂಬುದನ್ನೂ ಕರೆ ಸ್ವೀಕರಿಸಿದವರಿಗೆ ತಿಳಿಸಿ.